ಶೆಟ್ಟೆವ್ವ ತಿಕ್ಕಿದ ಬೋಕಿ

ಶೆಟ್ಟೆವ್ವನಿಗೆ ಐವತ್ತೆರಡು ವರ್ಷ. ಸಮುದ್ರವನ್ನು ಆಕೆ ಕಣ್ಣಾರೆ ಕಂಡವಳಲ್ಲ. ಆದರೂ ಹೋದ ಚಳಿಗಾಲದಲ್ಲಿ ದಿನಕ್ಕೊಮ್ಮೆಯಾದರೂ ಅದರ ಮೇಲೆ ಹೋಗಿ ಬರುತ್ತಿದ್ದಳು. ಹೋಗುವುದಕ್ಕೆ ಬೇಕಾದದ್ದು ಒಂದು ಬೋಗುಣಿ ನೀರು, ಒಂದು ಮೆತ್ತನೆಯ ಬ್ರಶ್ಶು, ಬೇವಿನ ಮರದ ನೆರಳು, ಇಷ್ಟೇ.

ರಾಮದುರ್ಗದಿಂದ ಅರ್ಧ ತಾಸಿನ ದಾರಿಯಲ್ಲಿ, ಮಲಪ್ರಭೆಯ ದಂಡೆಗೆ ಒಂದು ಬೂದು ದಿಬ್ಬವಿದೆ. ಎರಡು ಸಾವಿರ ವರ್ಷದ ಹಿಂದಿನ ಊರೊಂದು ಅದರಡಿ ಮಲಗಿದೆ ಎಂದು ಅಲ್ಲಿ ಅಗೆಯುವ ಕೆಲಸ ನಡೆದಿತ್ತು. ಮಣ್ಣು ಹೊರಲು ಬಂದಿದ್ದ ಶೆಟ್ಟೆವ್ವನ ತಲೆಯ ಬುಟ್ಟಿ ಇಳಿಸಿ, ನೆರಳಿನಲ್ಲಿ ಕೂರಿಸಿ, ಸಿಕ್ಕ ಮಡಕೆ ಚೂರುಗಳನ್ನು ತೊಳೆಯಲು ಹಚ್ಚಿದವಳು ಸಪ್ನಾ. ಬೈಲಹೊಂಗಲದ ಹುಡುಗಿ, ಹಳೆಯ ಕಾಲದ ವ್ಯಾಪಾರದ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಆ ಕಡೆ ಮಡಕೆ ಚೂರಿಗೆ ಬೋಕಿ ಎನ್ನುತ್ತಾರೆ. ಬೋಕಿ ಗುರುತಿಸುವುದರಲ್ಲಿ ಶೆಟ್ಟೆವ್ವನ ಕಣ್ಣು ಬಲು ಚುರುಕು. ಯಾಕಿರಬಾರದು? ಆಕೆಯ ತಾಯಿಯ ಕಾಲದಲ್ಲಿ ಅವರ ಕೇರಿಯವರು ಸಂತೆಯಲ್ಲಿ ಗಡಿಗೆ ಮುಟ್ಟಿದರೆ ಮುಗಿಯಿತು, ಬಿರುಕು ಬಿಟ್ಟಿದ್ದರೂ ಕೊಳ್ಳಲೇಬೇಕಿತ್ತು. ಹಾಗಾಗಿ ದೂರ ನಿಂತು, ಮೈಬಣ್ಣ ನೋಡಿಯೇ ಗಡಿಗೆ ಆರಿಸುವುದನ್ನು ಆ ಮನೆಯ ಹೆಂಗಸರು ಕಲಿತುಬಿಟ್ಟಿದ್ದರು. ಅವಮಾನ ಕಲಿಸಿದ ವಿದ್ಯೆ, ಆದರೂ ವಿದ್ಯೆಯೇ.

"ಇದು ನಮ್ಮ ಹೊಳಿ ಮಣ್ಣಲ್ಲರಿ ಅಕ್ಕಾರ," ಎಂದು ಆಕೆ ಒಂದು ದಿನ ಕೆಂಪು ಚೂರೊಂದನ್ನು ಎತ್ತಿ ತೋರಿಸಿದಳು. "ಇದರಾಗ ಕರೀ ಉಸುಕು ಮಿಂಚಾಕ ಹತ್ತೇತಿ."

ಸಪ್ನಾ ನೋಡಿದಳು, ಮತ್ತೆ ನೋಡಿದಳು, ಇದ್ದ ಜಾಗದಲ್ಲೇ ಮಣ್ಣಿನಲ್ಲಿ ಕುಳಿತಳು. ಆಮೇಲೆ ಸಮಾಧಾನವಾಗಿ ಹೇಳಿದಳು. ಪಡುವಣ ಸಮುದ್ರ ದಾಟಿ ಬಹಳ ದೂರ ಹೋದರೆ ಇಟಲಿ. ಅಲ್ಲಿ ಬೆಂಕಿ ಕಾರುವ ಬೆಟ್ಟ. ರೋಮಿನವರು ಆಳುತ್ತಿದ್ದಾಗ ಅದರ ಬುಡದ ಕರಿ ಉಸುಕು ಬೆರೆತ ಮಣ್ಣಿನಲ್ಲಿ ಎರಡು ಹಿಡಿಯ ಉದ್ದನೆಯ ಕೊಡ ಮಾಡುತ್ತಿದ್ದರು. ಅವುಗಳ ಚೂರು ಸ್ಪೇನಿನಲ್ಲೂ ಸಿಗುತ್ತವೆ, ಆಫ್ರಿಕಾದ ದಂಡೆಯಲ್ಲೂ ಸಿಗುತ್ತವೆ. ಚೂರು ಸಿಕ್ಕಲ್ಲೆಲ್ಲ ಅವರ ಸರಕು ಹೋಗಿತ್ತೆಂದು ತಿಳಿಯಬೇಕು.

"ಅದರಾಗ ದ್ರಾಕ್ಷಿ ಸೆರೆ ತುಂಬಿ ಕಳಸ್ತಿದ್ರು. ಇಲ್ಲಿಗೆ ಬಂದದ್ದೂ ಸೆರೆನ ಅನ್ನಾಕ ನನಗೊಂದು ಸಾಕ್ಷಿ ಬೇಕಾಗೇತಿ ಅವ್ವಾರ."

ಅಂದಿನಿಂದ ಬೋಗುಣಿಯಲ್ಲಿ ಚೂರು ಅಲುಗಿದರೆ ಸಾಕು, ಶೆಟ್ಟೆವ್ವನ ಕಣ್ಣು ಅರೆ ಮುಚ್ಚುತ್ತಿತ್ತು. ನೀರು ಹಿಗ್ಗುತ್ತ ಹಿಗ್ಗುತ್ತ ದಂಡೆ ಕಾಣದಷ್ಟು ಆಗುತ್ತಿತ್ತು. ಅದರ ಮೇಲೆ ಹಾಯಿ ಬಿಚ್ಚಿದ ಹಡಗು, ಹಡಗಿನ ಹೊಟ್ಟೆಯಲ್ಲಿ ಒಂದಕ್ಕೊಂದು ಒರಗಿ ತೂಕಡಿಸುವ ಕೆಂಪು ಕೊಡಗಳು. ಆಮೇಲೆ ಘಟ್ಟ ಹತ್ತುವ ಎತ್ತುಗಳ ಗಂಟೆ. ಕೊನೆಗೆ ಮಲಪ್ರಭೆಯ ದಂಡೆಯಲ್ಲಿ ಕೊಡವನ್ನು ತಬ್ಬಿ ಇಳಿಸಿಕೊಳ್ಳುವ ಒಬ್ಬ ಹೆಂಗಸು. ಅವಳಿಗೆ ಯಾವಾಗಲೂ ಶೆಟ್ಟೆವ್ವನ ಅವ್ವನ ಮುಖ. ಮುಟ್ಟಬೇಡ ಎಂದು ಅಲ್ಲಿ ಯಾರೂ ಅನ್ನುತ್ತಿರಲಿಲ್ಲ. ಕನಸು ಕಾಣುವುದಕ್ಕೆ ಪಗಾರ ಕೊಡುವ ಕೆಲಸ ಇನ್ನೆಲ್ಲಿ ಸಿಕ್ಕೀತು ಹೇಳಿ. ಆ ನೆರಳಿನ ಮೇಲೆ ಆಕೆಗೆ ಜೀವವೇ ಇತ್ತು.

ಸಂಕ್ರಾಂತಿ ಕಳೆದ ವಾರ, ಹೊತ್ತು ಮುಳುಗುವಾಗ, ಅಂಥದೇ ಕೊಡದ ತಳ ಸಿಕ್ಕಿತು. ಒಳಮೈಗೆ ಕಪ್ಪಗೆ ಏನೋ ಬಳಿದಂತಿತ್ತು. ಸಪ್ನಾ ಅದನ್ನು ತನ್ನ ನೋಟುಬುಕ್ಕಿನಲ್ಲಿ ಬರೆದು, ಫೋಟೊ ನಾಳೆ ಬೆಳಕಿನಲ್ಲಿ ತೆಗೆದರಾಯಿತೆಂದು, ಚೂರನ್ನು ಹಲಗೆಯ ಮೇಲೆ ಬೇರೆಯಾಗಿ ಇಟ್ಟು ಹೋದಳು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದ ಶೆಟ್ಟೆವ್ವ, ಇದೊಂದು ತೊಳೆಯದೆ ಉಳಿದಿದೆಯಲ್ಲ ಎಂದುಕೊಂಡಳು. ಬ್ರಶ್ಶಿಗೆ ಕಪ್ಪು ಜಗ್ಗಲಿಲ್ಲ. ಒಲೆಯ ಬೂದಿ, ತೆಂಗಿನ ನಾರು ತಂದು ತಿಕ್ಕಿದಳು. ಚೂರು ಫಳಫಳ ಅಂದಿತು.

ಅದೇ ದಿನ ಕೆಲಸದ ಮುಖ್ಯಸ್ಥ ನಿಜಗುಣಪ್ಪ ಕಿತ್ತೂರಿನಿಂದ ಬಂದರು. ಅವರಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಹಿಂದಿನ ವಾರವಷ್ಟೇ ಅಗೆದ ಕುಣಿಯ ಅಂಚು ತುಳಿದವನೊಬ್ಬನನ್ನು ನಿಂತ ನಿಲುವಿನಲ್ಲೇ ಮನೆಗೆ ಕಳಿಸಿದ್ದರು.

ನೋಟುಬುಕ್ಕು ಓದಿದರು, ಚೂರು ತಿರುವಿದರು. "ಎಲ್ಲೈತಿ ಕಪ್ಪು? ಸಾಕ್ಷಿ ಬೇಕು ಬೇಕು ಅಂದ್ರ ಕಣ್ಣಿಗೆ ಇಲ್ಲದ್ದೂ ಕಾಣ್ತೈತಿ ತಂಗಿ. ಇಲ್ಲದ್ದು ಬರಿಯೋರು ಈ ಕೆಲಸಕ್ಕ ಬರಬಾರದು."

ಸಪ್ನಾ ಚೂರನ್ನು ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದಳು. ಎರಡು ವರ್ಷದ ದುಡಿಮೆ, ಅದಕ್ಕಿಂತ ಹೆಚ್ಚಾಗಿ ಅವಳ ಮಾತಿನ ಬೆಲೆ, ಕಣ್ಣೆದುರೇ ಮಣ್ಣುಪಾಲಾಗುತ್ತಿತ್ತು. ಬಾಯಿ ಬಿಟ್ಟರೆ ನೆರಳು ಹೋಗುತ್ತದೆ ಎಂದು ಶೆಟ್ಟೆವ್ವನಿಗೆ ಗೊತ್ತಿತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆಕೆ ಎದ್ದು ಬಂದಳು.

"ಕಪ್ಪು ಇತ್ತರಿ ಸರ. ನಾನ ತಿಕ್ಕೇನಿ."

"ಯಾಕ ತಿಕ್ಕಿದಿ?"

"ನಮ್ಮ ಕೈಯಿಂದ ಮಂದಿ ಕೈಗೆ ಹೋಗೂ ಸಾಮಾನಿನಾಗ ಒಂದ್ ಕಲಿ ಇದ್ರೂ ನಮ್ಮವ್ವ ಹೊಡೀತಿದ್ಳರಿ. ನಾವು ಮುಟ್ಟೇವಿ ಅಂತ ಮೊದಲ ಮಾರಿ ತಿರುವತಾರ, ಮ್ಯಾಲೆ ಕರಿ ಕಂಡ್ರ ಏನಂದಾರು ಅಂತಿದ್ಳು." ಆಕೆಯ ದನಿ ಸಣ್ಣದಾಯಿತು. "ಅದು ಮಸಿ ಅಲ್ಲ ಬಿಡ್ರಿ. ತಿಕ್ಕೂ ಮುಂದ ಬೆರಳಿಗೆ ಅಂಟ್ತು. ರಾಳದ ವಾಸನಿ ಬಂತು."

ನಿಜಗುಣಪ್ಪ ಕನ್ನಡಕ ತೆಗೆದರು. ಸೆರೆ ಸೋರದಿರಲೆಂದು ಅಂಥ ಕೊಡದ ಒಳಗೆ ಮರದ ರಾಳ ಬಳಿಯುತ್ತಿದ್ದರು. ಆ ಮಾತನ್ನು ಸಪ್ನಾ ಶೆಟ್ಟೆವ್ವನಿಗೆ ಎಂದೂ ಹೇಳಿರಲಿಲ್ಲ. ಆದರೆ ವಾಸನೆಯನ್ನು ಡಬ್ಬಿಯಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸಲಾದೀತೇ? ಹೋದದ್ದು ಹೋಗಿತ್ತು. ಅವರು ಸಪ್ನಾಳ ನೋಟುಬುಕ್ಕನ್ನು ಮುಚ್ಚಿ ಅವಳ ಕೈಗಿಟ್ಟು, "ತಪ್ಪು ನನ್ನದು ತಂಗಿ," ಎಂದು ಹೊಳೆಯ ಕಡೆ ನಡೆದರು.

ಮರುದಿನ ಶೆಟ್ಟೆವ್ವ ಮಣ್ಣು ಹೊರಲೆಂದು ತಲೆಗೆ ಸಿಂಬಿ ಸುತ್ತಿಕೊಂಡೇ ಬಂದಳು. ನಿಜಗುಣಪ್ಪ ಕಿತ್ತೂರಿಗೆ ಹೋಗಿರಲಿಲ್ಲ. ಬೇವಿನ ಕೆಳಗೆ ಆಗಷ್ಟೇ ಅಗೆದು ತೆಗೆದ ಚೂರುಗಳನ್ನು ಹರವಿಕೊಂಡು ನೆಲದ ಮೇಲೆ ಕೂತಿದ್ದರು. ಪಕ್ಕದಲ್ಲಿ ಸಪ್ನಾ, ತೊಡೆಯ ಮೇಲೆ ನೋಟುಬುಕ್ಕು.

"ಇಲ್ಲೆ ಕುಂದರ್ರಿ. ನೀರು ಆಮ್ಯಾಲೆ. ಮೊದಲ ನೀವು ನೋಡಿ ಹೇಳ್ರಿ, ನಾವು ಬರಕೋತೇವಿ," ಎಂದರು ನಿಜಗುಣಪ್ಪ.

ಶೆಟ್ಟೆವ್ವ ಕೂತಳು. ಮಣ್ಣು ಮೆತ್ತಿದ, ಮಸಿ ಹಿಡಿದ ಒಂದು ಚೂರು ಕೈಗೆ ಬಂತು. ಇನ್ನೊಂದು ಕೈ ಒರೆಸಲೆಂದು ತಾನಾಗಿಯೇ ಸೆರಗಿಗೆ ಹೋಯಿತು. ತಡೆದಳು. ಚೂರನ್ನು ಇದ್ದ ಹಾಗೆಯೇ ಮುಂದೆ ಚಾಚಿದಳು. ನಿಜಗುಣಪ್ಪ ಎರಡೂ ಕೈ ಒಡ್ಡಿ ತೆಗೆದುಕೊಂಡರು.