ಎದುರಂಗಡಿಯವನ ಟೇಪಿನ ಚೂರು

ಹೆಂಗಸರು ಬಳೆ ತೊಟ್ಟ ಹಾಗೆ ಅವನು ಎಡಗೈಯ ಮಣಿಕಟ್ಟಿಗೆ ಮಾಸ್ಕಿಂಗ್ ಟೇಪಿನ ಸುರುಳಿಯೊಂದನ್ನು ಹಾಕಿಕೊಂಡಿರುತ್ತಿದ್ದ. ಬಲಗೈಗೆ ಹಳೇ ಪಂಚೆಯ ತೆಳ್ಳನೆಯ ಬಟ್ಟೆ ಸುತ್ತಿರುತ್ತಿದ್ದ. ಬೆಳಿಗ್ಗೆ ಹತ್ತು ಗಂಟೆಗೆ ಆ ಎರಡು ಕೈಗಳೂ ರಸ್ತೆ ದಾಟಿ ನನ್ನ ಶೆಡ್ಡಿನ ಕಡೆ ಬರುವುದು ಕಂಡರೆ ಕುಡಿಯುತ್ತಿದ್ದ ಚಹಾವನ್ನು ಅರ್ಧಕ್ಕೇ ಇಟ್ಟು ಎದ್ದು ನಿಲ್ಲುತ್ತಿದ್ದೆ. ಹೊಸದಾಗಿ ಪೇಂಟ್ ಆಗಿ ನಿಂತ ಕಾರಿನ ಮೇಲೆ ಆ ಬಟ್ಟೆ ಸುತ್ತಿದ ಅಂಗೈ ಎಳೆಯುತ್ತ ಒಂದು ಸುತ್ತು ಹಾಕುತ್ತಿದ್ದ. ಎಲ್ಲಿ ಅಂಗೈಗೆ ಉಬ್ಬು ತಡೆಯಿತೋ ಅಲ್ಲಿ ಟೇಪನ್ನು ಹಲ್ಲಿನಿಂದ ಹರಿದು ಉಗುರಗಲದ ಚೂರೊಂದನ್ನು ಅಂಟಿಸುತ್ತಿದ್ದ. ಎಣಿಸುವುದು ಮಾತ್ರ ತೆಲುಗಿನಲ್ಲಿ. "ಒಕಟಿ. ರೆಂಡು. ಮೂಡು." ಅವನಿಗೆ ಕೆಲಸ ಕಲಿಸಿದವನು ಆದೋನಿಯವನಂತೆ. ಬೇರೆಲ್ಲ ಮಾತಿಗೂ ಕನ್ನಡ, ತಪ್ಪು ಎಣಿಸುವುದಕ್ಕೆ ಮಾತ್ರ ಗುರುವಿನ ಭಾಷೆ.

ವಯಸ್ಸಿನಲ್ಲಿ ನನಗಿಂತ ಇಪ್ಪತ್ತು ವರ್ಷ ದೊಡ್ಡವನು. ಎದುರಿಗೆ 'ಮೇಸ್ತ್ರಿ' ಎಂದು ಕರೆಯುತ್ತಿದ್ದೆ, ರೀ ಹಚ್ಚಿಯೇ ಮಾತಾಡುತ್ತಿದ್ದೆ. ಮನಸ್ಸಿನಲ್ಲಿ ಮಾತ್ರ ಎಂದೂ ಏಕವಚನ ಬಿಟ್ಟವನಲ್ಲ, ಇಲ್ಲೂ ಬಿಡುವುದಿಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಎನ್ನುವವರು ಈ ಪುಟವನ್ನು ಇಲ್ಲಿಗೇ ಮುಚ್ಚಿಡಬಹುದು.

ಬಳ್ಳಾರಿಯ ಗಾಂಧಿನಗರದ ಹಿಂದಿನ ಓಣಿಯಲ್ಲಿ ಅವನ ಕಾರು ಪೇಂಟಿಂಗ್ ಅಂಗಡಿ ಮೊದಲಿನಿಂದಲೂ ಇತ್ತು. ನಾನು ಕುರುಗೋಡಿನವನು. ಎಂಟು ವರ್ಷ ಇನ್ನೊಬ್ಬರ ಕೈಕೆಳಗೆ ದುಡಿದು, ಸ್ವಂತದ್ದು ಹಾಕಬೇಕೆಂದು ಹುಡುಕಿದಾಗ ಖಾಲಿ ಸಿಕ್ಕಿದ್ದು ಅವನ ಅಂಗಡಿಯ ನೇರ ಎದುರಿನ ಶೆಡ್ಡು. ಬೇಕಂತಲೇ ಹೋಗಿ ಕೂತದ್ದಲ್ಲ. ಪೂಜೆಯ ದಿನ ನಾನೇ ಪೇಡೆಯ ಡಬ್ಬಿ ಹಿಡಿದು ಅವನ ಬಾಗಿಲಿಗೆ ಹೋದೆ. ಒಂದು ಪೇಡೆ ತೆಗೆದು ಬಾಯಿಗೆ ಹಾಕಿಕೊಂಡು, ಅಗಿಯುತ್ತಲೇ, "ಇಷ್ಟು ದೊಡ್ಡ ಬಳ್ಳಾರ್‍ಯಾಗ ನಿನಗ ಬ್ಯಾರೆ ಜಾಗ ಸಿಗಲಿಲ್ಲೇನಲೇ?" ಎಂದ. ಪೇಡೆ ಚೆನ್ನಾಗಿದೆ ಎಂದೂ ಹೇಳಲಿಲ್ಲ.

ಮರುದಿನದಿಂದಲೇ ಟೇಪಿನ ಸವಾರಿ ಶುರುವಾಯಿತು. ನಿಮ್ಮ ಅಂಗಡಿ ನೀವು ನೋಡಿಕೊಳ್ಳಿ ಎಂದು ಒಮ್ಮೆ ಹೇಳಿಯೂ ಬಿಟ್ಟೆ. "ಊರಾಗಿನ ಮಂದಿಗೆ ನಿನ್ನಂಗಡಿ ಯಾವುದು, ನನ್ನಂಗಡಿ ಯಾವುದು ಗೊತ್ತಿರಂಗಿಲ್ಲ. ಆ ಓಣ್ಯಾಗ ಮಾಡಿಸಿದ್ದು ಅಂತಾರ. ನೀ ಹೊಲಸು ಮಾಡಿ ಕಳಿಸಿದ್ರ ನನ್ನ ಮಕಕ್ಕ ಬರ್ತೈತಿ," ಎಂದ. ಆ ದಿನ ನನ್ನ ಕಾರಿಗೆ ಏಳು ಚೂರು ಹಚ್ಚಿ ಹೋದ. ಗಿರಾಕಿ ಪಕ್ಕದಲ್ಲೇ ನಿಂತಿದ್ದ.

ನಮ್ಮ ಕೆಲಸ ತಿಳಿಯದವರಿಗೆ ಎರಡು ಮಾತು. ಬಣ್ಣ ಹೊಡೆದ ಮೇಲೆ ಹೊಳಪಿಗೆಂದು ನೀರಿನಂಥ ಒಂದು ಪದರ ಹೊಡೆಯುತ್ತೇವೆ, ಅದಕ್ಕೆ ಕ್ಲಿಯರ್ ಎಂದು ಹೆಸರು. ತೆಳ್ಳಗೆ ಹೊಡೆದರೆ ಹೊಳಪಿಲ್ಲ. ಕೂದಲೆಳೆಯಷ್ಟು ದಪ್ಪವಾದರೆ ಮೇಣದಬತ್ತಿಯ ಮೇಣದ ಹಾಗೆ ಕೆಳಗಿಳಿದು ಅಲ್ಲೇ ಗಟ್ಟಿಯಾಗುತ್ತದೆ. ಅದು ರನ್ನು. ಜೊತೆಗೆ ನಮ್ಮೂರಿನ ಅದಿರಿನ ಕೆಂಪು ಧೂಳು ಎಲ್ಲಿಂದಲೋ ಬಂದು ಹಸಿ ಪದರದ ಮೇಲೆ ಕೂರುತ್ತದೆ. ಗಿರಾಕಿಗಳಲ್ಲಿ ಹತ್ತರಲ್ಲಿ ಒಂಬತ್ತು ಜನಕ್ಕೆ ಇದು ಯಾವುದೂ ಕಾಣುವುದಿಲ್ಲ. ಆದರೆ ಟೇಪಿನ ಚೂರು ಕುರುಡನಿಗೂ ಕಾಣುತ್ತದೆ.

ನನಗೆ ಬದುಕಿನಲ್ಲಿ ಆಗ ಬೇಕಿದ್ದದ್ದು ಒಂದೇ. ಅವನು ಒಂದು ದಿನ ನನ್ನ ಕಾರನ್ನು ಸುತ್ತಿ, ಒಂದೂ ಚೂರು ಹಚ್ಚದೆ ರಸ್ತೆ ದಾಟಿ ವಾಪಸ್ಸು ಹೋಗಬೇಕು. ಅದಕ್ಕಾಗಿಯೇ ಕೆಲಸ ಮಾಡುತ್ತಿದ್ದೆ ಎಂದರೂ ತಪ್ಪಿಲ್ಲ.

ಸಿರುಗುಪ್ಪದ ಅಕ್ಕಿ ಗಿರಣಿಯ ಮಾಲೀಕರೊಬ್ಬರ ಕಪ್ಪು ಕಾರು ಬಂದದ್ದು ಮೊದಲ ವರ್ಷವೇ. ಮಗನ ನಿಶ್ಚಿತಾರ್ಥಕ್ಕೆ ಹೊರಡುವ ಗಾಡಿ. ಬಲಬದಿಯ ಬಾಗಿಲಿಗೆ ಕ್ಲಿಯರ್ ಹೊಡೆಯುವಾಗ ಹಿಡಿಕೆಯ ಕೆಳಗೆ ರನ್ನು ಇಳಿಯಿತು. ನಾನು ಗಾಬರಿಯಾಗಿ ಥಿನ್ನರಿನ ಬಟ್ಟೆಯಿಂದ ಒರೆಸಿದೆ. ಸುಕ್ಕುಗಟ್ಟಿತು. ಸುಕ್ಕು ಮುಚ್ಚಲು ಮೇಲಿಂದ ಇನ್ನೊಂದು ಸಲ ಹೊಡೆದೆ, ಇನ್ನೂ ನಾಲ್ಕು ಇಳಿದವು. ಮರುದಿನ ಪಾಲಿಶ್ ಮೆತ್ತಿ, ಆ ಬದಿ ನೆರಳಿಗೆ ಬರುವ ಹಾಗೆ ಕಾರು ನಿಲ್ಲಿಸಿದೆ. ಮಾಲೀಕರು ಬಂದು ಸುತ್ತ ನೋಡಿ, "ಚಲೋ ಆಗೈತಪಾ," ಎಂದು ಕೀಲಿಕೈಗೆ ಕೈಚಾಚಿದರು. ಅಷ್ಟರಲ್ಲಿ ಇವನು ರಸ್ತೆ ದಾಟಿದ.

ಐದು ಚೂರು. ಒಂದೊಂದನ್ನೂ ಎಣಿಸಿ ಎಣಿಸಿ ಹಚ್ಚಿದ.

ಮಾಲೀಕರ ಮುಖ ಕೆಂಪಾಯಿತು. "ಇದನ್ನ ಬೀಗರ ಮನಿ ಮುಂದ ನಿಂದ್ರಸಲೇನು?" ಎಂದು ನನ್ನನ್ನು ಕೇಳಿ, ಅವನ ಕಡೆ ತಿರುಗಿ, "ಮೇಸ್ತ್ರಿ, ನೀವಾದ್ರೂ ಸರಿ ಮಾಡಿ ಕೊಡ್ರಿ," ಎಂದರು. ಗಾಡಿ ಅವನ ಅಂಗಡಿಗೆ ಹೋಗುತ್ತದೆ, ಇದಕ್ಕೇ ಕಾಯುತ್ತಿದ್ದ ಎಂದುಕೊಂಡೆ. ಅವನು ತಲೆ ಅಲ್ಲಾಡಿಸಿದ. "ಇನ್ನೊಬ್ಬರ ಎಂಜಲಾ ನಾ ತಿನ್ನಂಗಿಲ್ರಿ. ಅವ ಕೆಡಿಸ್ಯಾನ, ಅವನೇ ಸರಿ ಮಾಡ್ತಾನ. ಎಂಟು ದಿನ ಬೇಕು." ಮಾಲೀಕರು ಇನ್ಯಾರದೋ ಕಾರಿನಲ್ಲಿ ನಿಶ್ಚಿತಾರ್ಥಕ್ಕೆ ಹೋದರು. ಎಂಟು ದಿನವಾದ ಮೇಲೆ ಬಂದು ತಮ್ಮ ಗಾಡಿ ಒಯ್ದವರು ಮತ್ತೆಂದೂ ನನ್ನ ಕಡೆ ಬರಲಿಲ್ಲ, ಸಿರುಗುಪ್ಪದ ಕಡೆಯ ಬೇರೆ ಗಾಡಿಯೂ ಬರಲಿಲ್ಲ.

ಆ ಎಂಟು ದಿನ ಅವನು ನನಗೆ ಕಲಿಸಿದ ಎಂದು ಬರೆದರೆ ಸುಳ್ಳಾಗುತ್ತದೆ. ತನ್ನ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತು ರಸ್ತೆಯ ಆಚೆಯಿಂದ ಬೈದ, ಅಷ್ಟೇ. "ಇನ್ನಾ ಹಸಿ ಐತಲೇ, ಕೈ ಹಚ್ಚಬ್ಯಾಡ! ಬಿಸಿಲಿಗೆ ಬಿಡು!" ಐದು ದಿನ ಬಿಟ್ಟೆ. ಆರನೆಯ ದಿನ ಮರಳುಕಾಗದ ಹಿಡಿದು ಉಜ್ಜಲು ಹೋದರೆ, "ಏ ಕತ್ತಿ, ಅಂಗೈಲೆ ತಿಕ್ತಾರೇನು? ರನ್ನು ಉಳಿತೈತಿ, ಸುತ್ತಲಿಂದು ಸವಿತೈತಿ. ಕಟ್ಟಿಗಿ ತುಂಡಿಗೆ ಪೇಪರ್ ಸುತ್ತು!" ರನ್ನಿನ ಎರಡೂ ಬದಿಗೆ ಟೇಪು ಹಚ್ಚಿ, ಬ್ಲೇಡನ್ನು ನೆಟ್ಟಗೆ ಹಿಡಿದು, ಉಬ್ಬನ್ನಷ್ಟೇ ಹೆರೆಯಬೇಕು. ಆಮೇಲೆ ಸೋಪಿನ ನೀರು, ಸಾವಿರ ನಂಬರಿನ ಕಾಗದ, ಅದಕ್ಕಿಂತ ನುಣುಪಾದ ಎರಡು ಸಾವಿರದ್ದು, ಕೊನೆಗೆ ಹೊಳಪು ತರುವ ಕಾಂಪೌಂಡು. ಇಷ್ಟನ್ನೂ ನಾನು ಬೈಗುಳದಲ್ಲೇ ಕಲಿತೆ. ಬೀಡಾ ಅಂಗಡಿಯವನು, ಪಂಕ್ಚರ್‍ನವನು, ಓಣಿಗೆ ಓಣಿಯೇ ಜೊತೆಗೆ ಕಲಿಯಿತು. ಎಂಟನೆಯ ದಿನ ಬಾಗಿಲಿನಲ್ಲಿ ನನ್ನ ಮುಖ ನೆಟ್ಟಗೆ ಕಂಡಿತು. ಅವನು ಬಂದು ಕೈ ಎಳೆದು, ಬಾಗಿಲು ಬಿಟ್ಟು ಹಿಂದಿನ ಬಂಪರಿಗೆ ಒಂದು ಚೂರು ಹಚ್ಚಿ ಹೋದ. ಅದನ್ನು ನಾನು ಮುಟ್ಟಿಯೇ ಇರಲಿಲ್ಲ, ಕಂಪನಿಯಿಂದಲೇ ಬಂದ ಧೂಳಿನ ಕಣ!

ಹೀಗೆ ನಾಲ್ಕು ವರ್ಷ. ಏಳು ಚೂರು ಮೂರಕ್ಕೆ ಇಳಿಯಿತು, ಮೂರು ಒಂದಕ್ಕೆ ಬಂತು. ಒಂದಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ಒಮ್ಮೆ ಕಾರಿಗೆ ಹೊದಿಕೆ ಹಾಕಿ ಮುಚ್ಚಿಟ್ಟೆ. ಹೊದಿಕೆಯನ್ನು ಮಡಚಿ ಪಕ್ಕಕ್ಕಿಟ್ಟು ಹಚ್ಚಿದ.

ಅವನಿಗೆ ಸಕ್ಕರೆ ಕಾಯಿಲೆ ಇದ್ದದ್ದು ಓಣಿಗೆಲ್ಲ ಗೊತ್ತಿತ್ತು. ಹೋದ ವರ್ಷದ ಹೊತ್ತಿಗೆ ಕಣ್ಣು ಮಂದವಾಯಿತು. ಕುರುಗೋಡಿನ ಶಾಲೆಯ ಟೀಚರೊಬ್ಬರು ತಮ್ಮ ಕೆಂಪು ಕಾರನ್ನು ಅವನಿಗೆ ಕೊಟ್ಟಿದ್ದರು. ನನ್ನೂರಿನವರು, ನನ್ನನ್ನು ದಾಟಿಕೊಂಡು ಅವನ ಹತ್ತಿರ ಹೋಗಿದ್ದರು. ಅವರು ಗಾಡಿ ಒಯ್ಯಲು ಬಂದ ಬೆಳಿಗ್ಗೆ ನನ್ನ ಬಾಗಿಲಿನಿಂದಲೇ ಕಂಡಿತು, ಬಾನೆಟ್ಟಿನ ಅಂಚಿನಲ್ಲಿ ರನ್ನು. ಅವನ ಕೆಲಸದಲ್ಲಿ ರನ್ನು!

ನಾನು ಟೇಪಿನ ಸುರುಳಿಯನ್ನು ಮಣಿಕಟ್ಟಿಗೆ ಹಾಕಿಕೊಂಡೆ. ಹೌದು, ಅವನ ಹಾಗೆಯೇ. ರಸ್ತೆ ದಾಟಿದೆ. ಟೀಚರ ಎದುರಿಗೇ ಹಲ್ಲಿನಿಂದ ಹರಿದು ಹಚ್ಚಿದೆ. "ಒಕಟಿ. ರೆಂಡು. ಮೂಡು." ನಾಲ್ಕು ವರ್ಷದ ಹೊಟ್ಟೆಯುರಿ ಆ ಮೂರು ಚೂರಿನಲ್ಲಿತ್ತು. ಬೀಡಾ ಅಂಗಡಿಯವನು ಕತ್ತರಿಸುತ್ತಿದ್ದ ಎಲೆಯನ್ನು ಕೆಳಗಿಟ್ಟು ನೋಡುತ್ತಿದ್ದ.

ಅವನು ಬೈಯುತ್ತಾನೆ ಎಂದು ಕಾದೆ. ಬೈಯಲಿಲ್ಲ. ಕೈಗೆ ಬಟ್ಟೆ ಸುತ್ತಿಕೊಂಡ, ಕಣ್ಣು ಮುಚ್ಚಿಕೊಂಡ, ನಿಧಾನಕ್ಕೆ ಒಂದು ಸುತ್ತು ಬಂದ. ಪೆಟ್ರೋಲ್ ಮುಚ್ಚಳದ ಹತ್ತಿರ ನಿಂತು ಟೇಪು ಹರಿದ.

"ನಾಲುಗು," ಎಂದ. "ಒಂದು ಬಿಟ್ಟೀಯಲೇ."

ಟೀಚರಿಗೆ ಮುಜುಗರವಾಗಿತ್ತು. "ಇರ್ಲಿ ಬಿಡ್ರಿ ಮೇಸ್ತ್ರಿ, ನನಗೇನೂ ಕಾಣವಲ್ದು. ಸಾಲಿಗೆ ಹೊತ್ತಾಗ್ತೈತಿ," ಎಂದರು. "ನಿಮಗ ಕಾಣಂಗಿಲ್ಲ ಅಂತ ಕೊಟ್ಟು ಕಳಿಸಾಕ ಬರಂಗಿಲ್ರಿ ಮೇಡಂ. ಇವತ್ತ ಬಸ್ಸಿಗೆ ಹೋಗ್ರಿ," ಎಂದು ಕೀಲಿಕೈಯನ್ನು ಕಿಸೆಗೆ ಹಾಕಿಕೊಂಡ. ವಾರವಿಡೀ ಕೂತು ನಾಲ್ಕನ್ನೂ ತಾನೇ ಹೆರೆದು ತೆಗೆದ. ಆ ಗಾಡಿ ಹೋದ ಮೇಲೆ ಸ್ಪ್ರೇ ಗನ್ನನ್ನು ತೊಳೆದು ಗೋಡೆಯ ಮೊಳೆಗೆ ನೇತುಹಾಕಿದ. ಮತ್ತೆ ಕೆಳಗಿಳಿಸಲಿಲ್ಲ.

ನನಗೆ ಖುಷಿಯಾಯಿತು. ಎರಡು ದಿನ ಹಿಗ್ಗಿ ಓಡಾಡಿದೆ. ಮೂರನೆಯ ದಿನ ಎದುರಿಗೆ ಅವನು ಖಾಲಿ ಅಂಗಡಿಯಲ್ಲಿ ಕೈ ಕಟ್ಟಿಕೊಂಡು ಕೂತದ್ದು ಕಂಡು ಊಟ ಸೇರಲಿಲ್ಲ. ಹೋಗಿ ಒಂದು ಮಾತಾಡಬೇಕು ಅನ್ನಿಸಿತು. ಅಷ್ಟರಲ್ಲಿ ಹತ್ತು ಗಂಟೆಯಾಯಿತು, ಟೇಪು ಹಾಕಿಕೊಂಡು ಅವನೇ ಬಂದ, ನನ್ನ ಕಾರಿಗೆ ಎರಡು ಚೂರು ಹಚ್ಚಿದ. ಮಾತಾಡುವ ಮನಸ್ಸು ಅಲ್ಲಿಗೇ ಸತ್ತಿತು.

ಈ ಬೇಸಿಗೆಯಲ್ಲಿ ಬ್ರೂಸ್‌ಪೇಟೆಯ ಬಟ್ಟೆ ವ್ಯಾಪಾರಿಯೊಬ್ಬರ ಬಿಳಿ ಕಾರು ಮುಗಿಸಿ ನಿಲ್ಲಿಸಿದ್ದೆ. ಇವನು ಬಂದ. ಒಂದು ಸುತ್ತು ಬಂದ, ಎರಡನೆಯ ಸುತ್ತೂ ಬಂದ. ಮಣಿಕಟ್ಟಿನ ಟೇಪಿಗೆ ಕೈ ಹೋಗಲಿಲ್ಲ. ನನ್ನ ಮುಖವನ್ನೂ ನೋಡದೆ ರಸ್ತೆ ದಾಟಿ ಹೋಗಿ ಸ್ಟೂಲಿನ ಮೇಲೆ ಕೂತ.

ನಾನು ಹೆಂಡತಿಗೆ ಫೋನ್ ಮಾಡಿದೆ. "ಇವತ್ತ ಟೇಪು ಹಚ್ಚಲಿಲ್ಲ!" ಎಂದೆ. "ಯಾರು?" ಎಂದಳು. "ಯಾರಂದ್ರ? ಆಯಪ್ಪ!" ಅವಳಿಗೆ ಅರ್ಥವಾಯಿತು. "ಆತಲ್ಲ, ಇನ್ನ ಮ್ಯಾಲಾದ್ರೂ ನೆಟ್ಟಗ ಉಣ್ಣು," ಎಂದು ಇಟ್ಟಳು.

ಆದರೆ ಮನಸ್ಸು ನಿಲ್ಲಲಿಲ್ಲ. ಕಂಪನಿಯ ಧೂಳಿನ ಕಣವನ್ನೂ ಬಿಡದ ಮನುಷ್ಯ ಅವನು. ಕೈಗೆ ಬಟ್ಟೆ ಸುತ್ತಿಕೊಂಡು ನಾನೇ ಒಂದು ಸುತ್ತು ಬಂದೆ. ಹಿಂದಿನ ಬಾಗಿಲಿನ ಕೆಳ ಅಂಚಿನಲ್ಲಿ, ದಾರದ ಎಳೆಯಷ್ಟು ಸಣ್ಣ ರನ್ನು. ಅಂಗೈಗೆ ಚೆನ್ನಾಗಿಯೇ ತಡೆಯಿತು. ವ್ಯಾಪಾರಿಗೆ ಫೋನ್ ಮಾಡಿ ಇವತ್ತು ಆಗುವುದಿಲ್ಲ ಎಂದೆ. ಆಮೇಲೆ ಮೈಯೆಲ್ಲ ಉರಿಯಿತು. ಅವನಿಗೆ ಗೊತ್ತಾಗಿದೆ, ಗೊತ್ತಿದ್ದೂ ಬಿಟ್ಟಿದ್ದಾನೆ, ಗಾಡಿ ಬ್ರೂಸ್‌ಪೇಟೆಯ ಬಜಾರಿನಲ್ಲಿ ನಿಂತು ನನ್ನ ಮಾನ ಹೋಗಲಿ ಎಂದೇ ಬಿಟ್ಟಿದ್ದಾನೆ ಎಂದು ತೀರ್ಮಾನಿಸಿದೆ.

ಮರುದಿನ ಹತ್ತಕ್ಕೆ ಬಂದವನನ್ನು ಬಾಗಿಲಲ್ಲೇ ತಡೆದೆ. "ಇನ್ನ ಮ್ಯಾಲೆ ನನ್ನ ಶೆಡ್ಡಿಗೆ ಕಾಲಿಡಬ್ಯಾಡ್ರಿ ಮೇಸ್ತ್ರಿ. ನಿಮ್ಮ ಬುದ್ಧಿ ನಿನ್ನೆ ಗೊತ್ತಾತು."

"ಏನು ಗೊತ್ತಾತು?" ಎಂದ.

"ಹಿಂದಿನ ಬಾಗಲ್ದಾಗ ಇತ್ತಲ್ಲ."

"ನೀ ನೋಡಿದೇನು?"

"ನೋಡಿದೆ."

"ಹಂಗಾದ್ರ ಆತು ಬಿಡು," ಎಂದ. ತಿರುಗಿ ನಡೆದ. ರಸ್ತೆ ದಾಟುವಾಗ ಎರಡು ಸಲ ನಿಂತು ಕಾಲೂರಿ ನೋಡಿಕೊಂಡು ಹೋದ. ಮತ್ತೆ ಬರಲಿಲ್ಲ. ಮೂರನೆಯ ವಾರ ಅವನ ಶಟರ್ ತೆರೆಯಲಿಲ್ಲ. ಹೃದಯಾಘಾತ ಎಂದು ಪಂಕ್ಚರ್‍ನವನು ಬಂದು ಹೇಳಿದ.

ಪಾರ್ವತಿನಗರದ ಅವನ ಮನೆಗೆ ನಾನು ಹೋದದ್ದು ಅದೇ ಮೊದಲು. ಓಣಿಯವರೆಲ್ಲ ಹೋಗುತ್ತಿದ್ದರು, ಹೋಗದಿದ್ದರೆ ಕಾಣುತ್ತದೆ ಎಂದು ಹೋದೆ. ಅಂಗಳದಲ್ಲಿ ಅವನ ಮಗಳು ನನ್ನನ್ನು ಗುರುತು ಹಿಡಿದಳು. "ನೀವು ಎದುರಿನ ಅಂಗಡಿಯವ್ರಲ್ರೀ ಅಣ್ಣಾ?" ಎಂದಳು. ಹೌದೆಂದೆ. "ನಿಮ್ಮ ಸುದ್ದಿ ದಿನಾ ಹೇಳ್ತಿದ್ರು."

ಏನು ಹೇಳುತ್ತಿದ್ದ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಅವಳೇ ಮುಂದುವರಿಸಿದಳು. "ಸಕ್ರಿ ಬ್ಯಾನಿಯಿಂದ ಅವರ ಕೈಗೆ ಸ್ಪರ್ಶನೇ ಇರಲಿಲ್ಲಣ್ಣಾ, ಐದಾರು ತಿಂಗಳಾತು. ಬಿಸಿ ಚಾ ಹಿಡಿದ್ರೂ ತಿಳೀತಿರಲಿಲ್ಲ. ಮೊದಮೊದಲು ಅಂದಾಜಿನ ಮ್ಯಾಲೆ ಟೇಪು ಹಚ್ಚತಿದ್ರಂತ. ಕಡೀಗೆ ಒಂದಿನ, ಗೊತ್ತಾಗದಾ ಹಚ್ಚಬಾರದು ಅಂತ ಹಚ್ಚದಾ ಬಂದ್ರು. ಇನ್ನ ಯಾಕ ಹೊಕ್ಕೀಯಪ್ಪಾ, ಮನ್ಯಾಗ ಇರು ಅಂದೆ. 'ನನಗೇನೂ ಗೊತ್ತಾಗಂಗಿಲ್ಲವ್ವಾ. ಆದ್ರ ನಾ ಹೋಗಿ ನಿಂತ್ರ ಅವ ಮತ್ತೊಂದು ಸಲ ನೋಡ್ತಾನ' ಅಂದ್ರು."

ಒಳಗೆ ಹೋಗಿ ನೋಡಿದೆ. ಮಣಿಕಟ್ಟು ಬರಿದಾಗಿತ್ತು. ಹೊರಗೆ ಬಂದು ಗಾಡಿ ಹತ್ತಿ, ಚಾಲೂ ಮಾಡದೆ ಕೂತು ಅತ್ತೆ. ದುಃಖಕ್ಕಿಂತ ಸಿಟ್ಟೇ ಹೆಚ್ಚಿತ್ತು. ಕೈ ಹೋಗಿದೆ ಎಂದು ಆ ಬೆಳಿಗ್ಗೆ ಬಾಗಿಲಲ್ಲಿ ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು ಅವನಿಗೆ? ಹೇಳಲಿಲ್ಲ. ನನ್ನ ಬಾಯಿಂದ ಕಾಲಿಡಬೇಡಿ ಎಂಬ ಮಾತು ಬರಿಸಿಕೊಂಡು ಹೋದ. ಈ ಸಿಟ್ಟು ನನಗೆ ಇನ್ನೂ ಇಳಿದಿಲ್ಲ, ಇಳಿಯುವುದೂ ಬೇಡ.

ಅವನ ಅಂಗಡಿಯಲ್ಲಿ ಈಗ ಯಾರೋ ಬ್ಯಾಟರಿ ಮಾರುತ್ತಾರೆ. ಹತ್ತು ಗಂಟೆಗೆ ನಾನು ರಸ್ತೆ ನೋಡುತ್ತೇನೆ. ಯಾರೂ ದಾಟಿ ಬರುವುದಿಲ್ಲ. ಕೊಡಲೆಂದು ಕೈಗೆ ತೆಗೆದುಕೊಂಡ ಕೀಲಿಕೈಯನ್ನು ಮೇಜಿನ ಮೇಲಿಟ್ಟು, ಬಟ್ಟೆ ಸುತ್ತಿಕೊಂಡು ಮತ್ತೊಂದು ಸುತ್ತು ಬರುತ್ತೇನೆ. ಮೊನ್ನೆ, ಇಷ್ಟು ವರ್ಷದ ಮೇಲೆ, ಸಿರುಗುಪ್ಪದಿಂದ ಬಂದ ಗಿರಾಕಿಯೊಬ್ಬರು ಪಕ್ಕದಲ್ಲೇ ನಿಂತು, "ಚಲೋ ಆಗೈತ್ರಿ, ಕೊಡ್ರಿ, ಹೊತ್ತಾತು," ಎನ್ನುತ್ತಿದ್ದರು. ಕಾರಿನ ಮುಂದಿನ ದೀಪದ ಕೆಳಗೆ ಅಂಗೈ ತಡೆಯಿತು. ಟೇಪನ್ನು ಹಲ್ಲಿನಿಂದ ಹರಿದು, ಅವರು ನೋಡುತ್ತಿದ್ದ ಹಾಗೆಯೇ ಹಚ್ಚಿದೆ.

"ಒಕಟಿ," ಎಂದೆ.