ಬಗ್ಗಿಗೆ ಎರಡು ಬ್ಲಾಕ್

ಇವತ್ತು ಬೆಳಿಗ್ಗೆ ಜಪಾನಿನ ನೋಮಿ ಊರಿನ ನಮ್ಮ ಮನೆಯ ಹಿಂದೆ ಯಾರೋ ಯಂತ್ರ ಹಿಡಿದು ಹುಲ್ಲು ಕತ್ತರಿಸುತ್ತಿದ್ದರು. ಅದರ ಹೊಗೆ ಅಡುಗೆಮನೆ ಕಿಟಕಿಯಿಂದ ಒಳಗೆ ಬಂತು. ಪೆಟ್ರೋಲ್‌ಗೆ ಆಯಿಲ್ ಬೆರೆಸಿ ಸುಟ್ಟಾಗ ಬರುವ ನೀಲಿ ಹೊಗೆ. ಬೇರೆ ಯಾರಾದರೂ ಆಗಿದ್ದರೆ ಕಿಟಕಿ ಮುಚ್ಚುತ್ತಿದ್ದರು. ನಾನು ಒಗ್ಗರಣೆ ಸೌಟು ಹಿಡಿದುಕೊಂಡೇ ಕಿಟಕಿಯನ್ನು ಇನ್ನಷ್ಟು ತೆರೆದೆ. ಸಾಸಿವೆ ಕರಕಲಾಯಿತು. ಸ್ವಲ್ಪ ಹೊತ್ತು ಕೂತರೆ, ಯಾಕೆ ಅಂತ ನಿಮಗೂ ಹೇಳುತ್ತೇನೆ.

ಹನ್ನೆರಡು ವರ್ಷದ ಹಿಂದಿನ ಮಾತು. ಆಗಷ್ಟೇ ಮದುವೆಯಾಗಿತ್ತು. ಗಂಡ ಟೋಕಿಯೋದ ಓಜಿಮಾದಲ್ಲಿ, ನಾನು ದೂರದ ಒಕಾಜಾಕಿಯ ಒಂದು ಸಂಶೋಧನಾ ಸಂಸ್ಥೆಯಲ್ಲಿ. ನನ್ನ ಪ್ರಯೋಗಕ್ಕೆ ಬೇಕಾದ ಒಂದು ಲೋಹದ ಮುಚ್ಚಳ ಬಿರುಕು ಬಿಟ್ಟಿದ್ದರಿಂದ ಸಂಸ್ಥೆಯ ವರ್ಕ್‌ಶಾಪಿಗೆ ಹೋಗಬೇಕಾಯಿತು. ಅಲ್ಲಿನ ಹಿರಿಯ ತಂತ್ರಜ್ಞ ಮೊರಿತಾ ಸಾನ್ ಎಂದರೆ ಪ್ರೊಫೆಸರುಗಳೂ ದನಿ ತಗ್ಗಿಸುತ್ತಿದ್ದರು. ಅವರು ಬೈಯುತ್ತಿರಲಿಲ್ಲ. ನೀವು ತಂದ ನಕ್ಷೆಯನ್ನು ನೋಡಿ, ಆಮೇಲೆ ನಿಮ್ಮ ಮುಖ ನೋಡಿ, ಸುಮ್ಮನಾಗುತ್ತಿದ್ದರು. ಅಷ್ಟು ಸಾಕಾಗುತ್ತಿತ್ತು.

ಅಂದು ಊಟದ ಬಿಡುವು. ಅವರು ಎಂಜಿನ್ನೊಂದರ ಫೋಟೋ ನೋಡುತ್ತಾ ಕೂತಿದ್ದರು. ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. "ಟೂ ಸ್ಟ್ರೋಕ್ ಅಲ್ವಾ? ನನಗೆ ಟೂ ಸ್ಟ್ರೋಕ್ ಗೊತ್ತು" ಎಂದುಬಿಟ್ಟೆ.

ಗೊತ್ತಿದ್ದುದು ಎಷ್ಟು ಅಂತ ನಿಮ್ಮ ಹತ್ತಿರ ಮುಚ್ಚಿಡುವುದಿಲ್ಲ. ಮೈಸೂರಿನಲ್ಲಿ ಅಪ್ಪನ ಹತ್ತಿರ ಎರಡು ಸೈಲೆನ್ಸರಿನ ಹಳೆಯ ಬೈಕ್ ಇತ್ತು. ಪೆಟ್ರೋಲ್ ಬಂಕಿನಲ್ಲಿ ಆಯಿಲ್ ಅಳತೆಯ ಲೋಟ ಹಿಡಿದುಕೊಳ್ಳುವುದು ನನ್ನ ಕೆಲಸ. ನನ್ನ ಎಂಜಿನ್ ವಿದ್ಯೆ ಆ ಲೋಟದಲ್ಲಿ ಶುರುವಾಗಿ ಅಲ್ಲೇ ಮುಗಿದಿತ್ತು. ಆದರೆ ಮೊರಿತಾ ಸಾನ್ ಮೊದಲ ಸಲ ಪೂರ್ತಿ ವಾಕ್ಯವೊಂದನ್ನು ನುಡಿದರು: "ಭಾನುವಾರ ನಮ್ಮ ಮನೆಗೆ ಬನ್ನಿ. ಬಗ್ಗಿ ನೋಡಬಹುದು."

ಏನನ್ನು ಬಗ್ಗಿ ನೋಡಬೇಕೋ ತಿಳಿಯಲಿಲ್ಲ. ಮರಳುದಿಣ್ಣೆ, ಮಣ್ಣಿನ ಟ್ರ್ಯಾಕುಗಳಲ್ಲಿ ಓಡಿಸುವ ನಾಲ್ಕು ಚಕ್ರದ ರೇಸಿನ ಬೈಕನ್ನು ಜಪಾನಿಯರು ಬಗ್ಗಿ ಎನ್ನುತ್ತಾರೆ ಎಂದು ಗೊತ್ತಾದದ್ದು ಅವರ ಶೆಡ್ಡಿಗೆ ಕಾಲಿಟ್ಟ ಮೇಲೆ. ಅದರ ಎಂಜಿನ್ ಮೊಣಕಾಲೆತ್ತರದಲ್ಲಿ ಕೂತಿದ್ದರಿಂದ ನಿಜವಾಗಿಯೂ ಬಗ್ಗಿಯೇ ನೋಡಿದೆ.

ಅದರ ಎರಡೂ ಸಿಲಿಂಡರ್ ಸವೆದುಹೋಗಿದ್ದವು. ಮೈಸೂರಿನ ಮೆಕ್ಯಾನಿಕ್‌ಗಳು ಅದನ್ನು ಬ್ಲಾಕ್ ಎನ್ನುತ್ತಾರೆ. ಪಿಸ್ಟನ್ ಓಡಾಡುವ ಕೊಳವೆ. ಹೊಸದು ಸಿಗುತ್ತಿರಲಿಲ್ಲ. ಅದಕ್ಕೆ ಮೊರಿತಾ ಸಾನ್ ಗುಡ್ಡಗಾಡಿನಲ್ಲಿ ಓಡಿಸುವ ಎರಡು ಡರ್ಟ್ ಬೈಕ್‌ಗಳಿಂದ ಒಂದೊಂದು ಬ್ಲಾಕ್ ತಂದು ಅಕ್ಕಪಕ್ಕ ಕೂರಿಸಲು ಹೊರಟಿದ್ದರು. ಕೆಳಗಿನ ಎಂಜಿನ್ನಿನ ಬೋಲ್ಟ್ ತೂತಿಗೂ ಮೇಲಿನ ಬ್ಲಾಕಿನ ತೂತಿಗೂ ಹೊಂದಿಕೆಯೇ ಇಲ್ಲ. ಆದ್ದರಿಂದ ಇಬ್ಬರಿಗೂ ಒಪ್ಪಿಗೆಯಾಗುವಂಥ ಅಲ್ಯೂಮಿನಿಯಂ ಪ್ಲೇಟೊಂದನ್ನು ನಡುವೆ ಇಡಬೇಕು, ಬೀಗರ ಜಗಳದ ನಡುವೆ ಸೋದರಮಾವನನ್ನು ಕೂರಿಸಿದ ಹಾಗೆ.

"ಯಾವ ರೇಸಿಗೆ ಹೋಗ್ತೀರಿ?" ಎಂದು ಕೇಳಿದೆ.

"ನಾನಾ?" ಎಂದು ಅವರು ಮನೆಯ ಕಡೆ ನೋಡಿದರು. "ಗಾಡಿ ಅವಳದು."

ಅವಳೆಂದರೆ ಹೆಂಡತಿ, ಕಜುಕೊ ಸಾನ್. ಅರವತ್ತು ದಾಟಿದವರು. ಮನೆಯ ಮುಂಭಾಗದಲ್ಲೇ ಹೆಂಗಸರ, ಮಕ್ಕಳ ಕೂದಲು ಕತ್ತರಿಸುವ ಸಣ್ಣ ಸಲೂನು. ಎರಡು ವರ್ಷದ ಹಿಂದೆ ಟ್ರ್ಯಾಕಿನಲ್ಲಿ ಬಿದ್ದು ಹೆಗಲ ಮೂಳೆ ಮುರಿದುಕೊಂಡಿದ್ದರು. ಈಗ ವಾಸಿಯಾಗಿತ್ತು, ಚೆರಿ ಅರಳುವ ಹೊತ್ತಿಗೆ ಮತ್ತೆ ಓಡಿಸಬೇಕೆಂದಿದ್ದರು. ಟೀ ತಂದುಕೊಟ್ಟು ನನಗೆ ಕೇಳುವಂತೆ ಪಿಸುಗುಟ್ಟಿದರು: "ಇವರು ಮದುವೆಗೆ ಹ್ಞೂಂ ಅನ್ನೋಕೂ ಅಳತೆ ತಗೊಂಡವರು. ನೀವಾದ್ರೂ ಸ್ವಲ್ಪ ಬೇಗ ಮಾಡ್ಸಿ."

ಹೀಗೆ ನನ್ನ ಭಾನುವಾರಗಳು ಶೆಡ್ಡಿಗೆ ಹೋದವು. ಮೊದಲ ದಿನವೇ ಪಿಸ್ಟನ್ನನ್ನು ಹಿಂದುಮುಂದಾಗಿ ಜೋಡಿಸಿದೆ. ಅದರ ತಲೆಯ ಮೇಲಿನ ಬಾಣ ಸೈಲೆನ್ಸರ್ ಕಡೆ ಇರಬೇಕಂತೆ. ಮೊರಿತಾ ಸಾನ್ ಬಾಣ ನೋಡಿ, ಆಮೇಲೆ ನನ್ನ ಮುಖ ನೋಡಿದರು. ನನ್ನ ಗಂಡ ಫೋನಿನಲ್ಲಿ ನಗುತ್ತಿದ್ದ: "ಅಲ್ವೇ, ಪೇಪರ್ ಬರಿ ಅಂತ ಜಪಾನ್ ಸರ್ಕಾರ ವೀಸಾ ಕೊಟ್ರೆ ನೀನು ಪಿಸ್ಟನ್ ತೊಳೀತಾ ಕೂತಿದ್ದೀಯಲ್ಲ!"

ಆದರೆ ಪ್ಲೇಟ್ ಮಾತ್ರ ಆಗಲೊಲ್ಲದು. ಒಂದು ಭಾನುವಾರ ತೂತು ಕೂದಲೆಳೆಯಷ್ಟು ಆಚೆ, ಇನ್ನೊಂದು ಭಾನುವಾರ ಸಂದಿಗೆ ಹಾಕುವ ಗ್ಯಾಸ್ಕೆಟ್ ದಪ್ಪ ಸರಿಯಿಲ್ಲ. "ಅಲ್ಲಿ ಗಾಳಿ ಒಳಗೆ ಹೋದರೆ ಪಿಸ್ಟನ್ ಕಚ್ಚಿ ನಿಲ್ಲುತ್ತೆ. ಇನ್ನೊಂದು ವಾರ" ಎನ್ನುತ್ತಿದ್ದರು. ಕಜುಕೊ ಸಾನ್ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, ಟೀ ಇಟ್ಟು ಹೋಗುತ್ತಿದ್ದರು. ಚಳಿಗಾಲ ಬಂತು. ನಾನೂ ನಂಬಿದೆ, ಕೂದಲೆಳೆಗೆ ಜೀವ ಬಿಡುವ ಮನುಷ್ಯ ಅಲ್ಲವೇ!

ಒಂದು ಭಾನುವಾರ ಸ್ಪ್ಯಾನರ್ ತರಲು ಹೋಗಿ ತಪ್ಪು ಡ್ರಾಯರ್ ಎಳೆದೆ. ಒಳಗೆ ಬಿಳಿ ಬಟ್ಟೆಯಲ್ಲಿ ಸುತ್ತಿದ ಪ್ಲೇಟ್. ಕನ್ನಡಿಯಂತೆ ಹೊಳೆಯುತ್ತಿತ್ತು. ಎಲ್ಲ ತೂತುಗಳೂ ಇದ್ದವು. ತಂದು ಬ್ಲಾಕಿನ ಕೆಳಗೆ ಹಿಡಿದೆ; ಟಕ್ಕನೆ ಕೂತಿತು.

ಮೊರಿತಾ ಸಾನ್ ಬೆನ್ನ ಹಿಂದೆ ನಿಂತಿದ್ದರು.

"ಸುಮಿಮಾಸೆನ್" ಎಂದು ಕ್ಷಮೆ ಕೇಳಿದೆ. ತಪ್ಪು ಮಾಡಿದ್ದು ನಾನೋ ಅವರೋ ಗೊತ್ತಾಗಲಿಲ್ಲ.

ಅವರು ಸ್ಟೂಲಿನ ಮೇಲೆ ಕೂತರು. "ಓಡಿಸಬೇಡ ಅಂತ ನಾನು ಹೇಳಿದ್ರೆ ಅವಳು ಕೇಳ್ತಾಳೆ. ಆಮೇಲೆ ಯಾವತ್ತೂ ಆ ಮಾತೇ ಎತ್ತಲ್ಲ. ಅದನ್ನ ನನ್ನ ಕೈಲಿ ನೋಡೋಕಾಗಲ್ಲ. ಎಂಜಿನ್ನೇ ಆಗಲ್ಲ ಅಂದ್ರೆ ಯಾರ ತಪ್ಪೂ ಅಲ್ಲ."

ನಿಮಗೆ ಭಯ ಎಂದು ಹೇಳಬೇಕಿತ್ತು ನನಗೆ. ನನ್ನ ಜಪಾನಿಯೋ ಕುಂಟು. "ಮೊರಿತಾ ಸಾನ್ ಕೊವಾಯ್" ಎಂದೆ. ಹಾಗೆಂದರೆ ನೀವು ಭಯಂಕರ ಮನುಷ್ಯ ಎಂದಾಗುತ್ತದಂತೆ. ಅವರು ಒಂದು ಕ್ಷಣ ನೋಡಿ ಜೋರಾಗಿ ನಕ್ಕುಬಿಟ್ಟರು. ಅವರ ನಗು ನಾನು ಕೇಳಿದ್ದು ಅದೇ ಮೊದಲು. "ಆಫೀಸಲ್ಲಿ ಎಲ್ಲರೂ ಹಾಗೇ ಅಂತಾರೆ" ಎಂದರು. ಕಣ್ಣೊರೆಸಿಕೊಂಡು, "ನೀವು ಹೇಳಕ್ಕೆ ಹೊರಟಿದ್ದೂ ಅರ್ಥ ಆಯ್ತು. ಎರಡೂ ನಿಜ" ಎಂದರು.

ಪ್ಲೇಟನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ಡ್ರಾಯರ್‌ನಲ್ಲೇ ಇಟ್ಟರು. ಅಂದು ನಾನು ಟೀ ಕುಡಿಯದೆ ಮನೆಗೆ ಹೋದೆ. ಕಜುಕೊ ಸಾನ್ ಮುಖ ನೋಡುವ ಧೈರ್ಯವಿರಲಿಲ್ಲ.

ಮುಂದಿನ ಭಾನುವಾರ ಹೋದಾಗ ಪ್ಲೇಟ್ ಎಂಜಿನ್ನಿನ ಮೇಲೆ ಕೂತಿತ್ತು. "ನಿಮ್ಮ ಬೆರಳು ಸಣ್ಣ. ಬನ್ನಿ" ಎಂದರು. ನಾನು ಪಿಸ್ಟನ್ನಿನ ರಿಂಗನ್ನು ಬೆರಳಲ್ಲಿ ಅದುಮಿ ಹಿಡಿದೆ, ಅವರು ಬ್ಲಾಕನ್ನು ಉಸಿರು ಬಿಗಿಹಿಡಿದು ಇಳಿಸಿದರು. ಒಂದಾಯಿತು, ಇನ್ನೊಂದೂ ಆಯಿತು. ನಾಲ್ಕನೇ ಕಿಕ್ಕಿಗೆ ಎಂಜಿನ್ ಕಿರುಚಿ ಎದ್ದಿತು. ಶೆಡ್ಡಿನ ತುಂಬ ನೀಲಿ ಹೊಗೆ. ಕಜುಕೊ ಸಾನ್ ಕೈಯಲ್ಲಿ ಕತ್ತರಿ ಹಿಡಿದೇ ಓಡಿಬಂದರು; ಹಿಂದೆಯೇ ಅರ್ಧ ತಲೆ ಕತ್ತರಿಸಿಕೊಂಡ ಗಿರಾಕಿ.

ಚೆರಿ ಉದುರುವ ಹೊತ್ತಿಗೆ ಮೂವರೂ ಟ್ರ್ಯಾಕಿಗೆ ಹೋದೆವು. ಕಜುಕೊ ಸಾನ್ ಮೂರು ಸುತ್ತು ಹೊಡೆದರು. ಪ್ರತಿ ದಿಣ್ಣೆಗೂ ಗಾಡಿ ನೆಲ ಬಿಟ್ಟೇಳುತ್ತಿತ್ತು, ಪ್ರತಿ ಸಲವೂ ಮೊರಿತಾ ಸಾನ್ ನೆಲ ನೋಡುತ್ತಿದ್ದರು. "ಇಳಿದ್ಲಾ?" ಎಂದು ಕೇಳುತ್ತಿದ್ದರು. "ಇಳಿದ್ರು" ಎನ್ನುತ್ತಿದ್ದೆ ನಾನು.

ಗಾಡಿ ನಮ್ಮ ಮುಂದೆ ಬಂದು ನಿಂತಿತು. ಕಜುಕೊ ಸಾನ್ ಹೆಲ್ಮೆಟ್ ತೆಗೆದರು. ಮುಖವೆಲ್ಲ ಮಣ್ಣು.

"ಚೆನ್ನಾಗಿ ಎಳೆಯುತ್ತೆ ರೀ" ಎಂದರು ಗಂಡನಿಗೆ. "ಪ್ಲೇಟ್ ಹೊಸ ವರ್ಷಕ್ಕೆ ಮುಂಚೇನೇ ಆಗಿತ್ತಲ್ವಾ?"

ಮೊರಿತಾ ಸಾನ್ ಬಗ್ಗಿ ಎಂಜಿನ್ನಿನ ಬೋಲ್ಟುಗಳನ್ನು ನೋಡತೊಡಗಿದರು.

"ನಿಮ್ಮ ಅಂಗಿ ಒಗೆಯೋಳು ನಾನು. ತೋಳಿನ ಮಡಿಕೇಲಿ ಅಲ್ಯೂಮಿನಿಯಂ ಚೂರು ಬರೋದು ನಿಂತಾಗ್ಲೇ ಗೊತ್ತಾಯ್ತು. ನೀವಾಗೇ ತರ್ತೀರಿ ಅಂತ ಕಾಯ್ತಿದ್ದೆ."

ಅವರು ಹೆಂಡತಿಯ ಕೈಯಿಂದ ಹೆಲ್ಮೆಟ್ ತೆಗೆದುಕೊಂಡು, ಗಾಜಿನ ಮಣ್ಣನ್ನು ಅಂಗಿಯ ತೋಳಿನಿಂದ ಒರೆಸಿ, ವಾಪಸು ಕೊಟ್ಟರು. ಆಕೆ ನಾಲ್ಕನೇ ಸುತ್ತಿಗೆ ಹೋದರು. ಈ ಸಲ ಮೊರಿತಾ ಸಾನ್ ನನ್ನನ್ನು ಕೇಳಲಿಲ್ಲ, ತಲೆಯೆತ್ತಿ ನೋಡಿದರು.

ಇವತ್ತು ಕರಕಲು ಸಾಸಿವೆ ಚೆಲ್ಲಿ ನಾನು ಹೊರಗೆ ಬಂದೆ. ನನ್ನ ಮಗಳಿಗೆ ಹತ್ತು ವರ್ಷ. ಹೊಳೆಯಾಚೆಯ ಲೈಬ್ರರಿಗೆ ಒಬ್ಬಳೇ ಸೈಕಲ್ಲಿನಲ್ಲಿ ಹೋಗುತ್ತೇನೆಂದು ತಿಂಗಳಿಂದ ಕೇಳುತ್ತಿದ್ದಾಳೆ. ಬ್ರೇಕ್ ಸರಿಯಿಲ್ಲ, ಈ ಶನಿವಾರ ನೋಡೋಣ ಎಂದು ನಾನೂ ತಿಂಗಳಿಂದ ಹೇಳುತ್ತಿದ್ದೇನೆ.

"ಪುಟ್ಟಿ, ಬ್ರೇಕ್ ಸರಿಯಾಗೇ ಇದೆ ಕಣೇ" ಎಂದೆ. "ನನಗೆ ಹೆದರಿಕೆ, ಅದಕ್ಕೆ ಸುಳ್ಳು ಹೇಳಿದ್ದೆ."

"ಅಮ್ಮಾ, ದಟ್ಸ್ ಸೋ ಮೀನ್!" ಎಂದು ಅವಳು ಹೆಲ್ಮೆಟ್ ಹುಡುಕಲು ಓಡಿದಳು. ಕ್ಷಮಿಸಿದಳೋ ಇಲ್ಲವೋ ಕೇಳುವಷ್ಟು ಪುರುಸೊತ್ತು ಕೊಡಲಿಲ್ಲ. ಸೈಕಲ್ ಸೇತುವೆ ಹತ್ತಿ ಆಚೆ ಇಳಿಯಿತು. ನಾನು ಒಳಗೆ ಬಂದು ಅಕ್ಕಿ ತೊಳೆಯಲು ನಿಂತೆ. ಎಷ್ಟು ಸಲ ತೊಳೆದೆನೋ, ನೀರು ಪೂರಾ ತಿಳಿಯಾಗಿತ್ತು.