ಬಿಸಿನೀರಿನ ಲೋಟ ಮತ್ತು ಬಿಗಿಯಾದ ಕೇಬಲ್ಲು

ಲೋಕದಲ್ಲಿ ಯಾವ ಸಂಬಂಧವೂ ಬಲಪ್ರಯೋಗದಿಂದ ಕೂಡಿಬರುವುದಿಲ್ಲವೆಂದು ನಾನು ಅಥಣಿಯ ಶಾಲೆಯೊಂದರಲ್ಲಿ ಮೂವತ್ತು ವರ್ಷ ಗಂಭೀರವಾಗಿ ಬೋಧಿಸಿದ್ದೇನೆ. ಆಗ ನಾನು ಕಂಪ್ಯೂಟರಿನ ಡಬ್ಬಿಯೊಳಗೆ ಕೈ ಹಾಕಿರಲಿಲ್ಲ.

ನಿವೃತ್ತಿಯ ವಿರಾಮ ಮನುಷ್ಯನನ್ನು ಅಧ್ಯಾತ್ಮಕ್ಕೋ ಸ್ಕ್ರೂಡ್ರೈವರಿಗೋ ಒಯ್ಯುತ್ತದೆ. ನನ್ನನ್ನು ಎರಡನೆಯದು ಗೆದ್ದುಕೊಂಡಿತು. ಬಿಡಿಭಾಗಗಳನ್ನು ನಿಪ್ಪಾಣಿಯಿಂದ ತಂದು, ಹಳೆಯ ಯಂತ್ರದ ಡಿಸ್ಕೊಂದನ್ನು ಮಾತ್ರ ಉಳಿಸಿಕೊಂಡು, ಊಟದ ಮೇಜಿನ ಮೇಲೆ ಹೊಸ ಕಂಪ್ಯೂಟರು ಕಟ್ಟಲು ಕೂತೆ. ಆ ಡಿಸ್ಕಿನಲ್ಲಿ ದಿವಂಗತ ಅತ್ತೆಯವರು ಹಾಡಿದ ಬೀಸುವ ಪದಗಳಿದ್ದವು. ಅವುಗಳ ಪ್ರತಿ ಬೇರೆಲ್ಲೂ ಇರಲಿಲ್ಲ. ಪ್ರತಿ ಮಾಡಿಡುತ್ತೇನೆಂದು ಹೆಂಡತಿ ಪದ್ಮಾವತಿಗೆ ಕೊಟ್ಟ ಮಾತುಗಳು ಮಾತ್ರ ಬೇಕಾದಷ್ಟಿದ್ದವು.

ಮದರ್‌ಬೋರ್ಡಿನ ದಪ್ಪ ಕೇಬಲ್ಲು, ಬೋರ್ಡನ್ನು ಹಪ್ಪಳದಂತೆ ಬಾಗಿಸಿ, ಹೇಗೋ ಕೂತಿತು. ಡಿಸ್ಕಿನ ಕೇಬಲ್ಲು ಕೂರಲೊಲ್ಲದು. ನೆರವಿಗೆ, ಅಂದು ಮನೆಗೆ ಬಂದಿದ್ದ ಪದ್ಮಾವತಿಯ ಅಣ್ಣ ಭರಮಣ್ಣ ಎದ್ದರು. ಐಗಳಿಯಲ್ಲಿ ದ್ರಾಕ್ಷಿ ಬೆಳೆಯುವ ಅವರ ಪಾಲಿಗೆ ಜಗತ್ತಿನ ಸಕಲ ಜೋಡಣೆಗಳೂ ಡ್ರಿಪ್ ಪೈಪಿನ ಉಪಶಾಖೆಗಳು.

"ಮಾಸ್ತರ್ರ, ತುದಿ ಬಿಸಿನೀರಾಗ ಅದ್ದರಿ. ಮೆತ್ತಗಾಗತೈತಿ, ಆಮ್ಯಾಲೆ ಒತ್ತಿದ್ರ ಮುಗೀತು. ಇಡೀ ತೋಟದ ಪೈಪ್ ಹಿಂಗ ಜೋಡಿಸೇನಿ."

ನಮ್ಮದು ನೀರನ್ನು ಸೋಸಿ ಕಾಯಿಸಿಯೇ ಕುಡಿಯುವ ಜೈನರ ಮನೆ, ಬಿಸಿನೀರಿಗೆ ಬರವಿಲ್ಲ. ವಿಜ್ಞಾನ ಕಲಿಸಿದ ಈ ಮಹಾಶಯ ವಾದಿಸದೆ ಲೋಟ ತುಂಬಿ ತಂದದ್ದನ್ನು ಇತಿಹಾಸ ಕ್ಷಮಿಸಬೇಕು. ಕೇಬಲ್ಲಿನ ತುದಿ ಲೋಟದ ಅಂಚಿಗೆ ಬಂದಾಗ ಪದ್ಮಾವತಿ ಅಡುಗೆಮನೆಯಿಂದ ಹೊರಬಂದಳು.

"ಆ ಡಬ್ಬ್ಯಾಗ ಅವ್ವನ ದನಿ ಐತಿ. ನೀವು ನೀರ ತಂದೀರಿ?"

"ತುದಿ ಅಷ್ಟ, ತಂಗಿ," ಎಂದರು ಭರಮಣ್ಣ.

"ಕುಡಚಿ ಬಳಿಗಾರ್ತಿ ನನಗ ಬಳಿ ಇಡಸುವಾಗ ಬಳಿ ಒತ್ತತಾಳೇನು? ಕೈ ಹಿಡದು, ಹೊರಳಿಸಿ, ದಾರಿ ನೋಡತಾಳ. ಸರೀರಿ ಇಬ್ಬರೂ."

ಲೋಟವನ್ನು ದೂರ ಇಟ್ಟಳು. ಪ್ಲಗ್ ಕಿತ್ತಿರುವುದನ್ನು, ನನ್ನ ಮಾತು ನಂಬದೆ, ತಾನೇ ನೋಡಿ ಬಂದಳು. ಕನ್ನಡಕ ಏರಿಸಿ ಡಿಸ್ಕಿನ ಬಾಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅದರೊಳಗೆ ಉಗುರಿನಷ್ಟು ತೆಳುವಾದ, ಒಂದು ತುದಿಯಲ್ಲಿ ಮೂಲೆ ತಿರುಗಿದ ಪ್ಲಾಸ್ಟಿಕ್ ನಾಲಿಗೆ. ಕೇಬಲ್ಲಿನ ಬಾಯಲ್ಲಿ ಆ ಮೂಲೆಗೆ ತಕ್ಕ ಸಂದು ಎದುರು ಬದಿಗಿತ್ತು; ನಾನು ಅರ್ಧ ಗಂಟೆಯಿಂದ ಕೇಬಲ್ಲನ್ನು ತಲೆಕೆಳಗಾಗಿ ಒತ್ತುತ್ತಿದ್ದೆ. ಇನ್ನೊಮ್ಮೆ ಒತ್ತಿದ್ದರೆ ಆ ನಾಲಿಗೆ ಮುರಿದು ಅತ್ತೆಯವರು ಮೌನವಾಗುತ್ತಿದ್ದರು. ಅವರು ಬದುಕಿದ್ದಾಗ ನಾನು ಕೆಲವೊಮ್ಮೆ ಅದನ್ನೇ ಬಯಸಿದ್ದುಂಟು, ಆದರೆ ಈ ವಿಧಾನದಿಂದಲ್ಲ.

ಪದ್ಮಾವತಿ ಕೇಬಲ್ಲನ್ನು ಹೊರಳಿಸಿ, ಡಿಸ್ಕಿಗೆ ಎಡಗೈ ಆಸರೆ ಕೊಟ್ಟು, ಅಲುಗಿಸದೆ ನೇರವಾಗಿ ಒತ್ತಿದಳು. ಟಕ್ ಎಂದಿತು.

ನನ್ನ ಬೋಧನೆಯನ್ನು ತುಸು ತಿದ್ದಿಕೊಂಡಿದ್ದೇನೆ: ಬಲವೂ ಬೇಕು, ದಿಕ್ಕು ನೋಡಿದ ಮೇಲೆ. ಅಂದು ಸಂಜೆಯೊಳಗೆ ಅತ್ತೆಯವರು ಹನ್ನೊಂದು ಪದ ಹಾಡಿದರು. ಭರಮಣ್ಣ ಗೋಡೆಯ ಕಡೆ ಮುಖ ಮಾಡಿ ಕೇಳಿದರು. ಲೋಟದ ನೀರು ಚಹಾಕ್ಕೆ ಹೋಯಿತು. ಪದಗಳ ಪ್ರತಿಗಳು ಈಗ ಮೂರು ಕಡೆ ಇವೆ.